ಮಾದರಿ ಪಾತ್ರೆಯ ತಿಳಿಸಾರು

ಆ ವರ್ಷ ಊರಿನವರೆಲ್ಲ ನಂಬಿದ್ದ ಸಂಗತಿ, ಊರಿನ ಕಸ ಕಡಿಮೆಯಾಗುತ್ತಿದೆ ಎಂಬುದು. ನಗರ ಕಚೇರಿಯ ಹೊರಗೋಡೆಯ ಮೇಲೆ ಹಾಗೆಂದು ಬರೆದಿತ್ತು. ಗೋಡೆಯ ಮೇಲಿನದನ್ನು ಅಳಿಸಲು ಪ್ರತ್ಯೇಕ ಅನುಮತಿ ಬೇಕಾಗಿದ್ದರಿಂದ ಅದು ನಿಜವಾಗಿಯೇ ಉಳಿಯಿತು.

ಇಷ್ಟಕ್ಕೂ ಕಾರಣ ಟಪಾಲು ಗುಮಾಸ್ತೆಯ ಫ್ಲಾಸ್ಕು.

ಗುಮಾಸ್ತೆ ಆ ಕಚೇರಿಯ ಆವಕ-ಜಾವಕ ವಿಭಾಗದವಳು. ಆವಕವೆಂದರೆ ಬರುವ ಪತ್ರ, ಜಾವಕವೆಂದರೆ ಹೋಗುವ ಪತ್ರ. ನಡುವೆ ಒಂದು ಮೇಜು, ಎರಡು ಮುದ್ರೆ, ಅವಳು. ವಿಭಾಗವೆಂದರೆ ಅವಳೊಬ್ಬಳೇ. ಹದಿನಾಲ್ಕು ವರ್ಷಗಳಲ್ಲಿ ಅವಳ ಕೈಯಿಂದ ಒಂದು ಪತ್ರವೂ ಕಳೆದುಹೋಗಿರಲಿಲ್ಲ. ಯಾವ ಪತ್ರಕ್ಕಾದರೂ ಉತ್ತರ ಸಿಕ್ಕಿತ್ತೇ ಎಂಬುದು ಅವಳ ವಿಭಾಗಕ್ಕೆ ಸಂಬಂಧಿಸಿದ್ದಲ್ಲ.

ಮನೆಯಲ್ಲಿ ಅವಳು, ಅತ್ತೆ. ಗಂಡ ಗೂಡ್ಸ್ ರೈಲಿನ ಗಾರ್ಡು. ವಾರಕ್ಕೆರಡು ದಿನ ಮನೆಯಲ್ಲಿರುತ್ತಿದ್ದ, ಆ ಎರಡೂ ದಿನ ನಿದ್ದೆಯಲ್ಲಿರುತ್ತಿದ್ದ. ಅತ್ತೆಯ ಬಾಯಲ್ಲಿ ಉಳಿದಿದ್ದ ಒಂಬತ್ತು ಹಲ್ಲುಗಳನ್ನು ಹಲ್ಲಿನ ಡಾಕ್ಟರು ಒಂದೇ ತಿಂಗಳಲ್ಲಿ ಕಿತ್ತು ಮುಗಿಸಿ, ವಸಡು ಗಟ್ಟಿಯಾಗುವ ತನಕ ಕಟ್ಟುಹಲ್ಲು ಕೂರಿಸುವುದಿಲ್ಲ ಎಂದಿದ್ದರು. ಅಲ್ಲಿಯವರೆಗೆ ಕುಡಿಯುವಂಥದ್ದೇ ಊಟ. ಅತ್ತೆಗೆ ಹಾಲು ಆಗದು. ಗಂಜಿ ಕಂಡರೆ ಆಸ್ಪತ್ರೆಯ ನೆನಪು. ಉಳಿದದ್ದು ತಿಳಿಸಾರು.

ತಿಳಿಸಾರು ಅತ್ತೆಯದೇ ವಿದ್ಯೆ. ಭಾನುವಾರದ ಕೋಳಿಯ ಬೆನ್ನುಮೂಳೆ, ಕತ್ತು, ರೆಕ್ಕೆಯ ತುದಿ. ವಾರವಿಡೀ ಕೂಡಿದ ಈರುಳ್ಳಿ ಸಿಪ್ಪೆ, ಕ್ಯಾರೆಟ್ಟಿನ ತಲೆ, ಬೆಳ್ಳುಳ್ಳಿಯ ಬುಡ, ಶುಂಠಿಯ ತೊಗಟೆ. ಎಲ್ಲವೂ ಫ್ರೀಜರಿನ ಒಂದು ಚೀಲಕ್ಕೆ ಹೋಗುತ್ತಿತ್ತು. ಚೀಲ ತುಂಬಿದ ದಿನ ಸಾರಿನ ದಿನ. ಮೂಳೆಯನ್ನು ಒಣ ಪಾತ್ರೆಯಲ್ಲೇ ಕೆಂಪಗೆ ಹುರಿದು, ತಣ್ಣೀರು ಸುರಿದು, ಸಣ್ಣ ಉರಿಯಲ್ಲಿ ಮೂರು ಗಂಟೆ. ಮೇಲೆ ಬಂದ ನೊರೆಯನ್ನು ತೆಗೆಯುತ್ತಲೇ ಇರಬೇಕು.

"ಕುದಿ ಹತ್ತೋ ಹೊತ್ತಿಗೆ ಉರಿ ಇಳಿಸ್ಬೇಕು ಕಣೇ," ಎನ್ನುತ್ತಿದ್ದರು ಅತ್ತೆ. "ಸಾರು ಮಾತಾಡ್ಬೇಕು, ಕಿರುಚಬಾರ್ದು."

ಪಾತ್ರೆ ಒಂದೇ. ದಪ್ಪ ತಳದ ನೀಲಿ ಎನಾಮಲ್ ಪಾತ್ರೆ. ಎಡಗಿವಿಯ ಕೆಳಗೆ ಹೆಬ್ಬೆಟ್ಟಿನಗಲ ಚಕ್ಕೆ ಹಾರಿತ್ತು. ಬೇರೆ ಪಾತ್ರೆಯಲ್ಲಿ ಮಾಡಿದರೆ ಅತ್ತೆ ಬಾಯಿಗಿಡದೆಯೇ ಹೇಳಿಬಿಡುತ್ತಿದ್ದರು.

ಅತ್ತೆ ಕುಡಿದು ಮಿಕ್ಕಿದ್ದನ್ನು ಗುಮಾಸ್ತೆ ಫ್ಲಾಸ್ಕಿನಲ್ಲಿ ಕಚೇರಿಗೆ ಒಯ್ಯುತ್ತಿದ್ದಳು. ಒಂದು ಸೋಮವಾರ ಹನ್ನೊಂದೂವರೆಗೆ ಅವಳು ಮುಚ್ಚಳ ತಿರುಗಿಸಿದಾಗ ನಗರ ಕಚೇರಿಯ ನಿರ್ದೇಶಕರು ಆ ದಾರಿಯಲ್ಲಿ ಹಾದುಹೋಗುತ್ತಿದ್ದರು. ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಸಾಹೇಬರ ತಲೆ ಆ ದಿನ ತಲೆಯ ಜಾಗದಲ್ಲಿರಲಿಲ್ಲ. ಕಸ ಕಡಿತದ ನವೀನ ಯೋಜನೆಯೊಂದನ್ನು ಹದಿನೈದು ದಿನದಲ್ಲಿ ಕಳಿಸಿ, ಇಲ್ಲವಾದರೆ ಕಾರಣ ಕಳಿಸಿ ಎಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ಅಂದಿಗೆ ಹದಿಮೂರನೆಯ ದಿನ. ಅವರ ಬಳಿ ಯೋಜನೆಯೂ ಇರಲಿಲ್ಲ, ಕಾರಣವೂ ಇರಲಿಲ್ಲ.

"ಏನಮ್ಮ ಅದು, ಘಮ್ ಅಂತಿದೆ?"

"ತಿಳಿಸಾರು ಸಾರ್. ಕೋಳೀದು."

"ಎಲ್ಲಿಂದ ತರಿಸಿದ್ರಿ?"

"ಮನೇಲೇ ಮಾಡಿದ್ದು ಸಾರ್. ಬಿಸಾಡೋದ್ರಲ್ಲಿ."

"ಬಿಸಾಡೋದ್ರಲ್ಲಿ ಅಂದ್ರೆ?"

"ಮೂಳೆ, ಸಿಪ್ಪೆ, ತೊಟ್ಟು. ಕಸಕ್ಕೆ ಹೋಗ್ಬೇಕಾಗಿದ್ದು."

ಕಸ ಎಂಬ ಮಾತು ಕಿವಿಗೆ ಬಿದ್ದದ್ದೇ ಸಾಹೇಬರು ಕುರ್ಚಿ ಎಳೆದು ಕೂತರು. ಫ್ಲಾಸ್ಕಿನ ಮುಚ್ಚಳದಲ್ಲಿ ಒಂದು ಸಲ ಕುಡಿದರು. ಇನ್ನೊಂದು ಸಲ ಕುಡಿದರು. ಆಮೇಲೆ ಮುಚ್ಚಳದ ಹಂಗು ಬಿಟ್ಟರು.

"ಇದಕ್ಕೆ ಅಂಕಿ ಅಂಶ ಏನಾದ್ರೂ ಇದೆಯೇನಮ್ಮ?"

"ಇದಕ್ಕೆ ಉಪ್ಪಿದೆ ಸಾರ್."

ಎರಡು ದಿನದೊಳಗೆ ಅಂಕಿ ಅಂಶವೂ ಹುಟ್ಟಿತು. ಅವಶೇಷಜನ್ಯ ಪೌಷ್ಟಿಕ ದ್ರವ ಉತ್ಪಾದನಾ ಅಭಿಯಾನ ಎಂದು ಅದಕ್ಕೆ ನಾಮಕರಣವಾಯಿತು. ಗುಮಾಸ್ತೆ ಅದರ ಪ್ರಕಟಣೆಗೆ ಜಾವಕ ಮುದ್ರೆ ಒತ್ತಿ ಊರಿನ ಅಷ್ಟೂ ಮನೆಗಳಿಗೆ ಕಳಿಸಿದಳು.

"ಈ ಮೂಲಕ ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ಅಡುಗೆಮನೆಯಲ್ಲಿ ಉಂಟಾಗುವ ಮೂಳೆ, ಸಿಪ್ಪೆ, ತೊಟ್ಟು, ಬುಡ ಇತ್ಯಾದಿಗಳನ್ನು ಇನ್ನು ಮುಂದೆ ಕಸ ಎಂದು ಕರೆಯತಕ್ಕದ್ದಲ್ಲ. ಅವು ಕಚ್ಚಾ ಸಾಮಗ್ರಿ. ಪ್ರತಿ ಕುಟುಂಬವೂ ವಾರಕ್ಕೆ ಒಂದು ಕಿಲೋಗ್ರಾಮಿಗೆ ಕಡಿಮೆಯಿಲ್ಲದಂತೆ ಕಚ್ಚಾ ಸಾಮಗ್ರಿಯನ್ನು ಸಂಗ್ರಹಿಸಿ, ಕೋಳಿಯ ದ್ರವವನ್ನು ಸ್ವಗೃಹದಲ್ಲಿಯೇ ತಯಾರಿಸತಕ್ಕದ್ದು. ದ್ರವವು ಮಾತನಾಡತಕ್ಕದ್ದು, ಕಿರುಚತಕ್ಕದ್ದಲ್ಲ."

ಕೊನೆಯ ವಾಕ್ಯ ಅತ್ತೆಯದು. ತಜ್ಞರ ಮೌಖಿಕ ಅಭಿಪ್ರಾಯ ಎಂದು ಕಡತದಲ್ಲಿ ದಾಖಲಾಗಿತ್ತು.

ಪ್ರಕಟಣೆ ಹೊರಬಿದ್ದ ದಿನವೇ ಊರಿನ ಕಸ ಮೂರನೆಯ ಒಂದು ಭಾಗ ಇಳಿಯಿತು. ಯಾರೂ ಏನೂ ಮಾಡಬೇಕಾಗಿ ಬರಲಿಲ್ಲ. ಹೆಸರು ಬದಲಾದದ್ದೇ ಸಾಕಾಯಿತು. ಗೋಡೆಗೆ ಬಣ್ಣ ಬಳಿಯುವವರನ್ನು ಮಧ್ಯಾಹ್ನವೇ ಕರೆಸಿದರು.

ಆಮೇಲೆ ಸಾಹೇಬರಿಗೆ ಗುಣಮಟ್ಟದ ಚಿಂತೆ ಹತ್ತಿತು. ದ್ರವ ಏಕರೂಪವಾಗಿರಬೇಕಾದರೆ ಪಾತ್ರೆಯೂ ಏಕರೂಪವಾಗಿರಬೇಕಲ್ಲ.

"ನಿಮ್ಮ ಪಾತ್ರೆ ತಂದ್ಕೊಡಿ ಅಮ್ಮ. ಒಂದು ದಿನದ ಮಟ್ಟಿಗೆ. ಅಳತೆ ತಗೊಂಡು ವಾಪಸ್ ಕೊಡ್ತೀವಿ."

ಗುಮಾಸ್ತೆ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ರಸೀದಿ ಸಿಕ್ಕಿತು: "ಪಾತ್ರೆ, ನೀಲಿ, ಒಂದು. ಸ್ಥಿತಿ: ಬಳಸಿದ್ದು." ಸಂಜೆಯ ಹೊತ್ತಿಗೆ ಅದು ಸಾಹೇಬರ ಕೋಣೆಯ ಹೊರಗಿನ ಗಾಜಿನ ಬೀರುವಿನಲ್ಲಿತ್ತು. ಕೆಳಗೊಂದು ಫಲಕ: ಮಾದರಿ ಪಾತ್ರೆ, ಮುಟ್ಟಬಾರದು. ಬೀರುವಿಗೆ ಎರಡು ಕೀಲಿಕೈ. ಒಂದು ಸಾಹೇಬರ ಬಳಿ. ಇನ್ನೊಂದು ಕಳೆದುಹೋಗಬಾರದೆಂದು ಬೀರುವಿನೊಳಗೇ ಇಟ್ಟಿದ್ದರು.

ಪಾತ್ರೆಯ ವಿವರ ಎರಡನೆಯ ಪ್ರಕಟಣೆಯಾಗಿ ಹೋಯಿತು. ಅಳೆಯಲು ಬಂದವರು ಪ್ರಾಮಾಣಿಕರು, ಕಂಡದ್ದನ್ನೆಲ್ಲ ಬರೆದಿದ್ದರು. ಬಣ್ಣ: ನೀಲಿ. ಸಾಮರ್ಥ್ಯ: ಐದು ಲೀಟರ್. ಎಡಗಿವಿಯ ಕೆಳಗೆ ಹೆಬ್ಬೆಟ್ಟಿನಗಲ ಚಕ್ಕೆ ಹಾರಿರತಕ್ಕದ್ದು. ಆ ವಾರ ಊರ ತುಂಬ ಸುತ್ತಿಗೆಯ ಸದ್ದು. ಜಗಲಿ ಜಗಲಿಯಲ್ಲಿ ಜನ ಹೊಸ ಪಾತ್ರೆಯನ್ನು ಮಗುಚಿಟ್ಟುಕೊಂಡು ಕಿವಿಯ ಬುಡಕ್ಕೆ ಮೆಲ್ಲಗೆ ಬಡಿಯುತ್ತಿದ್ದರು. ಬಲಗಿವಿಗೆ ಬಡಿದವರು ಇನ್ನೊಂದು ಪಾತ್ರೆ ತರಬೇಕಾಯಿತು. ಹೆಬ್ಬೆಟ್ಟು ಯಾರದು ಎಂಬ ಪ್ರಶ್ನೆ ಎದ್ದಾಗ ಸಾಹೇಬರು ತಮ್ಮದರ ಗುರುತನ್ನು ನೋಟೀಸು ಬೋರ್ಡಿಗೆ ಹಚ್ಚಿಸಿದರು.

ಇತ್ತ ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಹಿಡಿದರು.

"ಎಲ್ಲೇ ನನ್ನ ಪಾತ್ರೆ?"

"ಅದೀಗ ಮಾದರಿ ಆಗಿದೆ ಅತ್ತೆ."

"ನಲವತ್ತು ವರ್ಷ ಅದು ಪಾತ್ರೆ ಆಗಿತ್ತು. ಅದಕ್ಕೆ ಅಷ್ಟು ಸಾಕಿತ್ತು."

"ನಾಳೆ ಕೊಡ್ತಾರೆ."

"ನಿಮ್ಮ ಆಫೀಸಿನವರ ನಾಳೆ ನಂಗೊತ್ತು. ನಿನ್ನ ಮಾವನ ಮರಣಪತ್ರಾನ ನಾಳೆ ನಾಳೆ ಅಂತ ಎರಡು ವರ್ಷ ಕೊಡ್ಲಿಲ್ಲ. ಪಾಪ, ಅಷ್ಟೂ ದಿನ ಅವರು ಕಾಗದದಲ್ಲಿ ಬದುಕಿದ್ರು."

ಗುಮಾಸ್ತೆ ಕುಕ್ಕರಿನಲ್ಲಿ ಸಾರು ಮಾಡಿದಳು. ಅತ್ತೆ ಬಟ್ಟಲನ್ನು ಮೂಗಿನ ಹತ್ತಿರ ತಂದು, ಕೆಳಗಿಟ್ಟು, ಗೋಡೆಯ ಕಡೆ ತಿರುಗಿದರು. "ಇದು ಸಾರಲ್ಲ. ಕುಕ್ಕರು ಸ್ನಾನ ಮಾಡಿದ ನೀರು." ಕಬ್ಬಿಣದ ಬಾಣಲೆಯಲ್ಲಿ ಮಾಡಿದಳು. ಎದುರುಮನೆಯವಳ ಹೊಸ ನೀಲಿ ಪಾತ್ರೆಯನ್ನು ಎರವಲು ತಂದು ಮಾಡಿದಳು. ಅದರ ಚಕ್ಕೆ ಕೂಡ ಸರಿಯಾದ ಕಿವಿಯಲ್ಲೇ ಇತ್ತು. ಅತ್ತೆ ಎರಡು ಗುಟುಕು ಕುಡಿದು, "ಇದಿನ್ನೂ ಅಂಗಡೀಲೇ ಇದೆ," ಎಂದರು. ಬೆಲ್ಲದ ನೀರಿನಲ್ಲೇ ದಿನ ದೂಡಿ, ಎರಡು ವಾರದಲ್ಲಿ ಮೂರು ಕೆಜಿ ಇಳಿದರು. ಬಳೆ ಮೊಣಕೈಯವರೆಗೂ ಜಾರತೊಡಗಿತು. ನಡುಮನೆಯಿಂದ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯುತ್ತಿದ್ದರು. ಹಿಡಿದದ್ದನ್ನು ಸೊಸೆ ನೋಡಿದರೆ ಗೋಡೆಯ ಧೂಳು ಒರೆಸುತ್ತಿರುವಂತೆ ನಟಿಸುತ್ತಿದ್ದರು.

ಸೊಸೆ ನೋಡಿದ್ದಳು. ಮರುದಿನ ಅರ್ಜಿ ಬರೆದಳು.

ಅರ್ಜಿಯನ್ನು ಅವಳೇ ತಂದು ತನ್ನ ಮೇಜಿಗೆ ಕೊಟ್ಟು, ಸ್ವೀಕರಿಸಿ, ಆವಕ ಮುದ್ರೆ ಒತ್ತಿ ಒಳಗೆ ಕಳಿಸಿದಳು. ನಾಲ್ಕನೆಯ ದಿನ ಅದು ಟಿಪ್ಪಣಿ ಹೊತ್ತು ಹಿಂದಿರುಗಿತು: ಸಂಬಂಧಿಸಿದ ವಿಭಾಗದ ಅಭಿಪ್ರಾಯ ಪಡೆದು ಸಲ್ಲಿಸಿ. ಪಾತ್ರೆ ಕಚೇರಿಗೆ ಬಂದದ್ದು ಆವಕ ವಿಭಾಗದ ಮೂಲಕ. ಹಾಗಾಗಿ ಸಂಬಂಧಿಸಿದ ವಿಭಾಗ ಅವಳೇ. ಅವಳು ತನಗೆ ತಾನೇ ಪತ್ರ ಬರೆದು ಅಭಿಪ್ರಾಯ ಕೇಳಿದಳು. ಹದಿನಾಲ್ಕು ವರ್ಷ ಪಕ್ಷಪಾತ ಮಾಡದವಳು ಮನೆಯವರಿಗಾಗಿ ಹೇಗೆ ಮಾಡುತ್ತಾಳೆ? "ನಿಯಮಾನುಸಾರ ಪರಿಶೀಲಿಸಬಹುದು" ಎಂದಷ್ಟೇ ಬರೆದಳು. ಯಾವ ನಿಯಮ ಎಂಬ ಪ್ರಶ್ನೆಯೊಂದಿಗೆ ಅದೂ ಹಿಂದಿರುಗಿತು. ಅವಳು ತನಗೊಂದು ಜ್ಞಾಪನ ಕಳಿಸಿಕೊಂಡಳು. ಉತ್ತರ ಬರೆಯಲು ಪುರುಸೊತ್ತಾಗಲಿಲ್ಲ, ಕೆಲಸ ಬಹಳವಿತ್ತು.

ಕೆಲಸಕ್ಕೆ ಕಾರಣ ನೋಟೀಸುಗಳು. ವಾರಕ್ಕೆ ಒಂದು ಕಿಲೋ ಸಿಪ್ಪೆ-ಮೂಳೆ ಯಾವ ಮನೆಯಲ್ಲಿ ಹುಟ್ಟುತ್ತದೆ? ಕೊರತೆ ಬಿದ್ದ ಮನೆಗಳಿಗೆಲ್ಲ ನೋಟೀಸು ಹೋಗುತ್ತಿತ್ತು. ತೂಗಲು ಪರಿವೀಕ್ಷಕನೊಬ್ಬ ಮನೆಮನೆಗೆ ಬರುತ್ತಿದ್ದ. ಜನ ಅವನನ್ನು ತೂಕದವರು ಎನ್ನುತ್ತಿದ್ದರು. ಅವನು ಗುಮಾಸ್ತೆಯ ಮನೆಗೂ ಬಂದ. ಒಂದೇ ಕಚೇರಿಯವರು, ದಿನಾ ಒಟ್ಟಿಗೆ ಟೀ ಕುಡಿಯುವವರು. ಆದರೂ ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಿದ.

"ಕಚ್ಚಾ ಸಾಮಗ್ರಿ ತನ್ನಿ."

ಫ್ರೀಜರಿನ ಚೀಲವನ್ನು ಕೊಕ್ಕೆಗೆ ನೇತುಹಾಕಿದ. "ಆರುನೂರ ನಲವತ್ತು. ಮುನ್ನೂರ ಅರವತ್ತು ಗ್ರಾಂ ಕೊರತೆ."

"ಇರೋದು ಇಬ್ಬರಪ್ಪ," ಎಂದರು ಅತ್ತೆ ಮಂಚದಿಂದಲೇ. "ಅದ್ರಲ್ಲಿ ಒಬ್ಬಳಿಗೆ ಹಲ್ಲಿಲ್ಲ. ಮೂಳೆ ಎಲ್ಲಿಂದ ಬರತ್ತೆ?"

"ಹಲ್ಲಿಗೆ ಕಾಲಂ ಇಲ್ಲ ಅಜ್ಜಿ. ಪಾತ್ರೆ ತೋರ್ಸಿ."

"ಪಾತ್ರೆ ನಿಮ್ಮ ಆಫೀಸಲ್ಲೇ ಇದೆಯಲ್ಲ! ದಿನಾ ಅದರ ಮುಂದೇನೇ ಓಡಾಡ್ತೀಯ!"

"ಅದು ಆಫೀಸಲ್ಲಿ ಇರೋದು ಅಜ್ಜಿ. ನಾನು ನೋಡ್ಬೇಕಾಗಿರೋದು ಮನೇಲಿ. ಪಾತ್ರೆ ಇಲ್ಲ ಅಂತ ಬರ್ಕೊಳ್ತೀನಿ."

"ಬರ್ಕೊ ಮಗನೇ, ಬರ್ಕೊ. ಕೋಳೀನ ಕೇಳಿ ಮಸಾಲೆ ಅರೀತಾರಾ ಯಾರಾದ್ರೂ?"

ಅವನು ಅದನ್ನು ಷರಾ ಕಾಲಮಿನಲ್ಲಿ ಬರೆದುಕೊಂಡ.

ಮರುದಿನ ಬೆಳಿಗ್ಗೆ ನೋಟೀಸು ಗುಮಾಸ್ತೆಯ ಮೇಜಿಗೆ ಬಂತು. ಅವಳು ಜಾವಕ ಮುದ್ರೆ ಒತ್ತಿ, ತನ್ನ ವಿಳಾಸ ಬರೆದು, ಟಪಾಲಿಗೆ ಹಾಕಿದಳು. ಸಂಜೆ ಮನೆಗೆ ಹೋಗಿ ಸಹಿ ಮಾಡಿ ತೆಗೆದುಕೊಂಡಳು. ಸಾಮಗ್ರಿಯೂ ಸಾಲದು, ಪಾತ್ರೆಯೂ ಇಲ್ಲ, ಆದ್ದರಿಂದ ಅನುತ್ಪಾದಕ ಕುಟುಂಬ ಎಂದು ಅದರಲ್ಲಿತ್ತು. ಅಭಿಯಾನದಲ್ಲಿ ಹೆಸರಿಸಲಾದ ಮೊದಲ ಅನುತ್ಪಾದಕ ಕುಟುಂಬ ಅದೇ.

ಊರಿನ ಉಳಿದವರು ಜಾಣರು. ಸಾಮಗ್ರಿ ಹುಟ್ಟುವುದಿಲ್ಲವಾದರೆ ಹುಟ್ಟಿಸಬೇಕು. ಕ್ಯಾರೆಟ್ಟನ್ನು ಸಿಪ್ಪೆ ಮುಗಿಯುವ ತನಕ ಸುಲಿದರು. ಮುಗಿದಾಗ ಕ್ಯಾರೆಟ್ಟೂ ಮುಗಿದಿರುತ್ತಿತ್ತು. ಈರುಳ್ಳಿಯ ತಿರುಳನ್ನು ಹಿತ್ತಲಿಗೆ ಬಿಸಾಡಿ ಸಿಪ್ಪೆಯನ್ನು ಡಬ್ಬಿಯಲ್ಲಿ ಭದ್ರ ಮಾಡಿದರು. ಕೋಳಿ ಅಂಗಡಿಯ ಮುಂದೆ ಬೆಳಿಗ್ಗೆ ಏಳಕ್ಕೇ ಸಾಲು.

"ಮೂಳೆ ಕೊಡಿ."

"ಮಾಂಸ?"

"ಅದಕ್ಕೆ ಕಾಲಂ ಇಲ್ಲ."

"ಹಾಗಂದ್ರೆ ಹೇಗ್ರೀ ಅಕ್ಕ, ಮೂಳೆ ಒಂದೇ ಇಟ್ಕೊಂಡು ಓಡಾಡೋ ಕೋಳಿ ನಾನೆಲ್ಲಿಂದ ತರ್ಲಿ? ಮಾಂಸಾನೂ ಒಯ್ಯಿರಿ, ಪುಣ್ಯ ಬರತ್ತೆ."

ಒಯ್ದರು. ಮೂಳೆ ಬಿಡಿಸಿಕೊಂಡು ಮಾಂಸವನ್ನು ಹಿಂದಿನ ಓಣಿಗೆ ಎಸೆದರು. ಮಾಂಸ ಅಡುಗೆಮನೆಯ ಅವಶೇಷವಲ್ಲ, ಆದ್ದರಿಂದ ಕಚ್ಚಾ ಸಾಮಗ್ರಿಯಲ್ಲ. ಅದನ್ನು ಕಸ ಎನ್ನುವಂತೆಯೂ ಇಲ್ಲ, ಏಕೆಂದರೆ ಕಸ ಕಡಿಮೆಯಾಗುತ್ತಿತ್ತು. ಹೆಸರಿಲ್ಲದ ವಸ್ತುವಾಗಿ ಅದು ಓಣಿಯಲ್ಲಿ ಬಿದ್ದಿರುತ್ತಿತ್ತು. ಓಣಿಯ ನಾಯಿಗಳು ಬೊಗಳುವುದನ್ನು ಬಿಟ್ಟವು. ಬೊಗಳಲು ಏಳಬೇಕಲ್ಲ.

ತಿನ್ನದ ಕೋಳಿಯ ಮೂಳೆಯನ್ನು ಅವಶೇಷವೆಂದು ತೋರಿಸುತ್ತಿದ್ದಾರೆಂಬ ದೂರು ಬಂದಾಗ ಸಾಹೇಬರು ಕಠಿಣರಾದರು. ಇನ್ನು ಮುಂದೆ ಮೂಳೆಯ ಜೊತೆ ಭೋಜನ ದೃಢೀಕರಣ ಪತ್ರ ಇರತಕ್ಕದ್ದು ಎಂದು ತಿದ್ದುಪಡಿ ತಂದರು. ಒಂದು ಕೋಳಿಗೆ ಒಂದು ತುತ್ತು ತಿಂದರೂ ಭೋಜನವೇ ಎಂದು ತಿದ್ದುಪಡಿಗೆ ಸ್ಪಷ್ಟೀಕರಣ ತಂದರು. ತೂಕದವರು ಮನೆಮನೆಯಲ್ಲಿ ಕೂತು ಜನ ಒಂದು ತುತ್ತು ತಿನ್ನುವುದನ್ನು ನೋಡಿ ಸಹಿ ಮಾಡುತ್ತಿದ್ದರು.

ಇಷ್ಟರಲ್ಲಿ ಅಭಿಯಾನದ ಕೀರ್ತಿ ಮೇಲಕ್ಕೆ ಮುಟ್ಟಿ, ಮಹಾನಿರ್ದೇಶಕರೇ ಖುದ್ದಾಗಿ ಬಂದು ದ್ರವ ಸವಿಯುತ್ತಾರೆಂದು ಪತ್ರ ಬಂತು. ಸಾಹೇಬರು ಗುಮಾಸ್ತೆಯನ್ನು ಒಳಗೆ ಕರೆದು, ಅಪರೂಪಕ್ಕೆ ಕೂರಲು ಹೇಳಿದರು.

"ಅವತ್ತು ನೀವೇ ಮಾಡ್ಬೇಕು ಅಮ್ಮ. ಅಸಲಿ ಪಾತ್ರೇಲಿ."

"ಮಾಡೋದು ಅತ್ತೆ ಸಾರ್. ನಾನು ಸಿಪ್ಪೆ ಕೂಡಿಡೋಳು ಅಷ್ಟೆ."

"ಅತ್ತೇನ ಕರ್ಕೊಂಡು ಬನ್ನಿ."

ಗುಮಾಸ್ತೆ ಕೂತಲ್ಲೇ ಮುದುಡಿಕೊಂಡು, ಕೊನೆಗೆ ಬಾಯಿಬಿಟ್ಟಳು. "ಆಮೇಲೆ ಪಾತ್ರೆ ಕೊಟ್ಬಿಡ್ತೀರಾ ಸಾರ್? ಅವರು ಊಟ ಬಿಟ್ಟು ಐದು ವಾರ ಆಗ್ತಾ ಬಂತು. ಎದ್ದು ನಿಂತ್ರೆ ಕಣ್ಣು ಕತ್ತಲೆ ಬರತ್ತೆ ಅಂತಾರೆ."

"ಅಯ್ಯೋ, ಅರ್ಜಿ ಕೊಡಬಾರ್ದಾ?"

"ಕೊಟ್ಟಿದೀನಿ ಸಾರ್."

"ಎಲ್ಲಿದೆ ಈಗ?"

"ನನ್ನ ಹತ್ರಾನೇ ಇದೆ ಸಾರ್. ಅಭಿಪ್ರಾಯಕ್ಕೆ."

ಸಾಹೇಬರು ಮರುಕದಿಂದ ತಲೆಯಾಡಿಸಿದರು. "ನೋಡಿ ಮತ್ತೆ. ತಡ ಮಾಡ್ತಿರೋದು ನೀವೇ."

ಅದು ನಿಜವಾಗಿದ್ದರಿಂದ ಅವಳು ಎದ್ದು ಬಂದಳು.

ಸಮಾರಂಭಕ್ಕೆ ಮೂಳೆ ಬೇಕಿತ್ತು, ಅದೂ ಕಚೇರಿಯ ಸ್ವಂತ ಮೂಳೆ. ಹಿಂದಿನ ದಿನ ಹನ್ನೆರಡು ಕೋಳಿ ತರಿಸಿ, ಸಿಬ್ಬಂದಿಗೆಲ್ಲ ಭೋಜನ ಕರ್ತವ್ಯದ ಆದೇಶ ಹೊರಡಿಸಿದರು. ಸೇವಾ ಹಿರಿತನದ ಪ್ರಕಾರ ಸಾಲು. ಹಿರಿಯರಿಗೆ ತೊಡೆ, ಕಿರಿಯರಿಗೆ ಬೆನ್ನು, ತಾತ್ಕಾಲಿಕ ನೌಕರರಿಗೆ ನೋಡುವ ಅವಕಾಶ. ಎಲ್ಲರೂ ಒಂದೊಂದು ತುತ್ತು ತಿಂದು ಸಹಿ ಮಾಡಿದರು. ಬಾಕಿ ಹಿಂದಿನ ಓಣಿಗೆ ಹೋಯಿತು.

ಅತ್ತೆ ಒಗೆದ ಬಟ್ಟೆಯುಟ್ಟು, ಸೊಸೆಯ ತೋಳು ಹಿಡಿದು, ಬಸ್ಸಿನಲ್ಲಿ ಬಂದರು. ಗಾಜಿನ ಬೀರು ತೆರೆದಾಗ ಪಾತ್ರೆಯನ್ನು ಕೈಗೆತ್ತಿಕೊಂಡು ಎಡಗಿವಿಯ ಕೆಳಗಿನ ಚಕ್ಕೆಯನ್ನು ಬೆರಳಿನಿಂದ ಸವರಿದರು. "ಒಳಗೆ ಧೂಳು," ಎಂದರು. "ಐದು ವಾರ ಕಾವಲಿಟ್ಟು ಒಂದ್ಸಲ ತೊಳೆಯೋಕೆ ಆಗ್ಲಿಲ್ವ ನಿಮಗೆ?" ಆಮೇಲೆ ಅಂಗಳದಲ್ಲಿ ಗ್ಯಾಸ್ ಒಲೆಯ ಮುಂದೆ ಮಣೆ ಹಾಕಿ ಕೂತರು. ನಿಲ್ಲಲು ಆಗುತ್ತಿರಲಿಲ್ಲ, ಕೈ ಮಾತ್ರ ನೆನಪು ಇಟ್ಟುಕೊಂಡಿತ್ತು. ಮೂಳೆ ಹುರಿದರು. ತಣ್ಣೀರು ಸುರಿದರು. ಸೊಸೆ ಮನೆಯಿಂದ ತಂದ ಚೀಲವನ್ನು ಬಗ್ಗಿಸಿದಳು. ಮಹಾನಿರ್ದೇಶಕರು ಬಂದರು, ಸಾಹೇಬರ ಭಾಷಣವಾಯಿತು, ಇನ್ನೊಂದು ಭಾಷಣವಾಯಿತು, ಸಾರು ಆಗಲು ಇನ್ನೂ ಒಂದು ಗಂಟೆ ಇದ್ದುದರಿಂದ ಮೂರನೆಯದೂ ಆಯಿತು.

"ಸ್ವಲ್ಪ ಉರಿ ಜೋರು ಮಾಡಿ ಅಮ್ಮ," ಎಂದು ಸಾಹೇಬರು ಬಗ್ಗಿ ಪಿಸುಗುಟ್ಟಿದರು.

"ಕಿರುಚತ್ತೆ."

"ಏನು?"

"ಸಾರು ಕಿರುಚತ್ತೆ. ನೀವೇ ಬರೆಸಿದ್ದೀರಲ್ಲ, ಕಿರುಚತಕ್ಕದ್ದಲ್ಲ ಅಂತ."

ಸಾಹೇಬರು ನಾಲ್ಕನೆಯ ಭಾಷಣಕ್ಕೆ ಹೋದರು.

ಕೊನೆಗೆ ಅತ್ತೆ ಬಟ್ಟೆಯಲ್ಲಿ ಸೋಸಿದರು. ಹೊನ್ನಿನ ಬಣ್ಣದ ತಿಳಿ ಇಳಿಯಿತು. ಸಾಲಾಗಿ ನಿಂತ ಅಧಿಕಾರಿಗಳ ಕೈಯಲ್ಲಿ ಬಿಳಿ ಬಟ್ಟಲು. ಅತ್ತೆ ಮೊದಲ ಬಟ್ಟಲು ತುಂಬಿ ತಾವೇ ಕುಡಿದರು. ಎರಡನೆಯದನ್ನೂ ಕುಡಿದರು.

"ಅಮ್ಮಾ," ಎಂದರು ಸಾಹೇಬರು, "ಮೊದಲು ಅತಿಥಿಗಳಿಗೆ..."

"ಅತಿಥಿಗಳು ತಿಂಡಿ ತಿಂದು ಬಂದಿಲ್ವಾ?" ಅತ್ತೆ ಮಹಾನಿರ್ದೇಶಕರನ್ನೇ ನೇರ ಕೇಳಿದರು. "ಏನಪ್ಪ, ತಿಂದಿದೀಯಾ?"

ಮಹಾನಿರ್ದೇಶಕರನ್ನು ಬಹಳ ವರ್ಷಗಳಿಂದ ಯಾರೂ ಅದನ್ನು ಕೇಳಿರಲಿಲ್ಲ. "ತಿಂದಿದೀನಿ," ಎಂದು ಒಪ್ಪಿಕೊಂಡರು.

"ಮತ್ತೆ ಸುಮ್ನೆ ನಿಂತ್ಕೊ. ನಾನು ಐದು ವಾರದಿಂದ ತಿಂದಿಲ್ಲ."

ಮೂರನೆಯ ಬಟ್ಟಲಿಗೆ ಅವರ ಕೆನ್ನೆಗೆ ಬಣ್ಣ ಬಂತು. ನಾಲ್ಕನೆಯದಕ್ಕೆ ಮಣೆಯಿಂದ ತಾವೇ ಎದ್ದು ನಿಂತರು, ಗೋಡೆಯಿಲ್ಲದೆ. ಗುಮಾಸ್ತೆ ಕಣ್ಣೊರೆಸಿಕೊಳ್ಳಲು ಈರುಳ್ಳಿ ಸಿಪ್ಪೆಯ ಕಡೆ ತಿರುಗಿದಳು. ಅತ್ತೆ ಪಾತ್ರೆಯನ್ನು ಎತ್ತಿ ಎದೆಗವಚಿಕೊಂಡು, "ನಡಿಯೇ ಮನೆಗೆ," ಎಂದರು.

ಸಾಹೇಬರ ಮುಖ ಸುಣ್ಣವಾಯಿತು. ಆದರೆ ಮಹಾನಿರ್ದೇಶಕರು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

"ಯಾರ್ರೀ ಇವರು?"

ಇಪ್ಪತ್ತಾರು ವರ್ಷ ಸೇವೆ ಮಾಡಿದವರು ಇಂಥಲ್ಲಿ ತಡವರಿಸುವುದಿಲ್ಲ. "ಫಲಾನುಭವಿ ಸಾರ್," ಎಂದರು ಸಾಹೇಬರು. "ಮಾದರಿ ಫಲಾನುಭವಿ."

"ಅದ್ಭುತ. ನಮ್ಮ ಕಣ್ಣೆದುರೇ ಎದ್ದು ನಿಂತ್ರು! ಪಾತ್ರೆ ಒಂದೇ ಇಟ್ರೆ ಜನಕ್ಕೆ ಏನು ಅರ್ಥ ಆಗತ್ತೆ? ಇವರನ್ನೂ ಜೊತೆಗಿಡಿ."

"ಸಾರ್," ಎಂದಳು ಗುಮಾಸ್ತೆ. ಹದಿನಾಲ್ಕು ವರ್ಷದಲ್ಲಿ ಅವಳು ಕರೆಯದೆ ಮಾತಾಡಿದ್ದು ಅದೇ ಮೊದಲು. "ಅವರಿಗೆ ಪಾತ್ರೆ ಕೊಟ್ಟು ಕಳಿಸಿದ್ರೆ ಆಯ್ತಲ್ಲ ಸಾರ್."

"ಮಾದರಿ ಪಾತ್ರೆ ಹೊರಗೆ ಹೋಗೋ ಹಾಗಿಲ್ಲಮ್ಮ," ಮಹಾನಿರ್ದೇಶಕರು ತಾಳ್ಮೆಯಿಂದ ವಿವರಿಸಿದರು. "ಫಲಾನುಭವಿ ಒಳಗೆ ಬರಬಹುದು. ಅದಕ್ಕೆ ಯಾವ ಅಡ್ಡಿಯೂ ಇಲ್ಲ."

ಅತ್ತೆ ಪಾತ್ರೆಯನ್ನು ಬಿಡದೆ ಕೇಳಿದರು: "ದಿನಾ ಸಾರು ಮಾಡ್ಬಹುದಾ?"

"ಮಾಡಲೇಬೇಕು. ಹತ್ತೂವರೆಯಿಂದ ನಾಲ್ಕು."

"ಭಾನುವಾರ?"

"ರಜೆ."

"ಭಾನುವಾರ ನನಗೆ ಹಸಿವಿಗೂ ರಜೆ ಕೊಡ್ತೀರಾ? ಶನಿವಾರ ಎರಡು ಫ್ಲಾಸ್ಕು ತುಂಬ್ಕೊಂಡು ಹೋಗ್ತೀನಿ."

ಅಲ್ಲೇ ಚರ್ಚೆಯಾಗಿ ಒಂದು ಫ್ಲಾಸ್ಕಿಗೆ ಅನುಮತಿ ಸಿಕ್ಕಿತು.

ಹಾಗಾಗಿ ಈಗ ಅತ್ತೆ-ಸೊಸೆ ಒಂದೇ ಬಸ್ಸಿನಲ್ಲಿ ಕಚೇರಿಗೆ ಬರುತ್ತಾರೆ. ಅತ್ತೆಯ ಸಹಿ ಹಾಜರಿ ಪುಸ್ತಕದಲ್ಲಿ ಸೊಸೆಯ ಹೆಸರಿಗಿಂತ ಮೇಲೆ ಬರುತ್ತದೆ. ಗಾಜಿನ ಬೀರುವಿನ ಪಕ್ಕ ಅವರಿಗೊಂದು ಕುರ್ಚಿ, ಒಲೆ, ಫಲಕ. ಶಾಲೆಯ ಮಕ್ಕಳು ಸಾಲಾಗಿ ಬಂದು ಅವರು ಕುಡಿಯುವುದನ್ನು ನೋಡಿ ಹೋಗುತ್ತಾರೆ. ಇಳಿದ ಕೆಜಿಗಳೆಲ್ಲ ಬಂದು, ಜೊತೆಗೆ ಇನ್ನೆರಡನ್ನೂ ಕರೆತಂದಿವೆ. ಗುಮಾಸ್ತೆಯ ಅರ್ಜಿಯೂ ಇತ್ಯರ್ಥವಾಯಿತು. "ಅರ್ಜಿದಾರರ ಅತ್ತೆಯವರು ಪಾತ್ರೆಯ ಬಳಿಗೇ ಬಂದಿರುವುದರಿಂದ ಪಾತ್ರೆಯು ಅವರ ಬಳಿಗೆ ಹೋಗುವ ಪ್ರಶ್ನೆ ಉದ್ಭವಿಸುವುದಿಲ್ಲ" ಎಂದು ತನಗೆ ತಾನೇ ಹಿಂಬರಹ ಕೊಟ್ಟುಕೊಂಡಳು.

ನಡುವೆ ಒಂದು ಸಣ್ಣ ತೊಡಕು ಬಂತು. ವಸಡು ಗಟ್ಟಿಯಾಗಿ ಹಲ್ಲಿನ ಡಾಕ್ಟರು ಕಟ್ಟುಹಲ್ಲು ಕೊಟ್ಟರು. ಅದನ್ನು ಹಾಕಿಕೊಂಡು ಬಂದ ದಿನ ಸಾಹೇಬರು ಅತ್ತೆಯನ್ನು ಪಕ್ಕಕ್ಕೆ ಕರೆದರು.

"ಕಚೇರಿ ವೇಳೇಲಿ ಹಲ್ಲು ಬೇಡ ಅಮ್ಮ. ಹುದ್ದೆಗೆ ಧಕ್ಕೆ ಬರತ್ತೆ."

ಅಂದಿನಿಂದ ಹಲ್ಲು ಕೈಚೀಲದಲ್ಲಿರುತ್ತದೆ. ಬಸ್ಸು ಹತ್ತಿದ ಮೇಲೆ ಹಾಕಿಕೊಳ್ಳುತ್ತಾರೆ. "ನೋಡೇ," ಎನ್ನುತ್ತಾರೆ ಸೊಸೆಗೆ, "ಆಫೀಸಲ್ಲಿ ಸಾರಿದೆ, ಹಲ್ಲಿಲ್ಲ. ಮನೇಲಿ ಹಲ್ಲಿದೆ, ಪಾತ್ರೆ ಇಲ್ಲ. ಗಾದೆ ಮಾಡಿದವನು ಸರ್ಕಾರಿ ನೌಕರ ಇರ್ಬೇಕು."

ಪ್ರತಿ ಮನೆಯೂ ಹಲ್ಲಿಲ್ಲದ ಒಬ್ಬ ಫಲಾನುಭವಿಯನ್ನು ಹೊಂದಿರತಕ್ಕದ್ದು ಎಂಬ ಪ್ರಕಟಣೆಯನ್ನೂ ಊರು ಸಲೀಸಾಗಿ ಜೀರ್ಣಿಸಿಕೊಂಡಿತು. ಹಿರಿಯರಿಲ್ಲದವರು ಎರವಲು ತಂದರು. ಎದುರುಮನೆಯವಳ ಐದು ತಿಂಗಳ ಕೂಸು ಓಣಿಯ ಒಂಬತ್ತು ಮನೆಗಳಿಗೆ ಏಕಕಾಲದಲ್ಲಿ ಫಲಾನುಭವಿ. ತೂಕದವರು ಬರುವ ದಿನ ಅದನ್ನು ಕಿಟಕಿಯಿಂದ ಕಿಟಕಿಗೆ ದಾಟಿಸುತ್ತಾರೆ; ಅದು ಎಲ್ಲ ಮನೆಯಲ್ಲೂ ಒಂದೇ ರೀತಿ ನಗುತ್ತದೆ, ಅವರು ಎಲ್ಲ ಮನೆಯಲ್ಲೂ ಟಿಕ್ ಹಾಕುತ್ತಾರೆ. ಗಲ್ಲದ ಮೇಲೆ ಹಲ್ಲು ಮೊಳೆಯುವ ಜೊಲ್ಲು ಕಂಡ ದಿನ ಓಣಿಯವರೆಲ್ಲ ಸ್ವಲ್ಪ ಕಂಗಾಲಾದರು. ಮೂರನೆಯ ಮನೆಯ ಸೊಸೆ ಬಸುರಿ ಎಂದು ತಿಳಿದ ಮೇಲೆ ಸಮಾಧಾನವಾಯಿತು.

ಮೇಲಿನವರು ಕಚೇರಿಗೆ ಪ್ರಶಸ್ತಿ ಫಲಕ ಕಳಿಸಿದರು: ಅತಿ ಕಡಿಮೆ ಕಸದ ಊರು. ಅದನ್ನು ಅತ್ತೆಯ ಕುರ್ಚಿಯ ಮೇಲ್ಭಾಗದ ಗೋಡೆಗೆ ಹೊಡೆದರು. ಸಾಹೇಬರು ಸಿಹಿ ಹಂಚಿದರು. ಅತ್ತೆ ಸಿಹಿಯನ್ನು ಹಲ್ಲಿನ ಜೊತೆ ಕೈಚೀಲಕ್ಕೆ ಹಾಕಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು, ಗುಮಾಸ್ತೆಯೂ ತಟ್ಟಿದಳು. ಆಮೇಲೆ ಮೇಜಿಗೆ ಹಿಂದಿರುಗಿ ಆ ದಿನದ ಕೊನೆಯ ಆವಕಕ್ಕೆ ಮುದ್ರೆ ಒತ್ತಿ, ಒಳಗಿನ ತಟ್ಟೆಗೆ ಹಾಕಿ, ಅತ್ತೆಯನ್ನು ಕರೆದುಕೊಂಡು ಬಸ್ಸಿಗೆ ನಡೆದಳು.

ಆ ಪತ್ರದಲ್ಲಿ ಒಂದೇ ಸಾಲಿತ್ತು: ಹನ್ನೆರಡು ವರ್ಷಕ್ಕೆ ಸಾಕೆಂದು ಊರಾಚೆ ತೋಡಿದ್ದ ಕಸದ ಗುಂಡಿ ಏಳು ತಿಂಗಳಲ್ಲಿ ತುಂಬಿದೆ.